ಹಂಚಿನ ಮೇಲೆ ಕುದ್ದ ಪುಡಿ

ಮೊದಲನೇ ಮಹಾಯುದ್ಧ ಮುಗಿದ ಆಸುಪಾಸಿನ ವರ್ಷ, ನಿಜಾಮರ ಕಾಲ. ನಮ್ಮ ಮನೆಯವರು ಔರಾದಿನ ಸಣ್ಣ ದವಾಖಾನೆಯೊಂದರಲ್ಲಿ ಕಂಪೌಂಡರ್. ಅದರ ಹಿಂದಿನ ಎರಡು ಖೋಲಿಯಲ್ಲೇ ನಮ್ಮ ಸಂಸಾರ. ಬಟ್ಟೆ ಕುದಿಸುವುದು, ಪಟ್ಟಿ ಸುತ್ತಿಡುವುದು ನನ್ನ ಪಾಲಿನ ಕೆಲಸ.

ಮಳೆಗಾಲದ ಒಂದು ಮುಂಜಾನೆ ಠಾಣಾ ಕುಶನೂರಿನಿಂದ ಕುರಿ ಕಾಯುವ ಭೀಮಣ್ಣನನ್ನು ಬಂಡಿಯಲ್ಲಿ ತಂದರು. ದಿಬ್ಬದಿಂದ ಜಾರಿ ಮೊಣಕಾಲ ಕೆಳಗಿನ ಎಲುಬು ಮುರಿದಿತ್ತು. ಚರ್ಮ ಹರಿದಿರಲಿಲ್ಲ, ಅದೊಂದು ಬಸವಣ್ಣನ ಕೃಪೆ. ಡಾಕ್ಟರ್ ಸಾಬರು ಎಲುಬು ಕೂಡಿಸಿ, ಇಬ್ಬರ ಕೈಯಲ್ಲಿ ಕಾಲು ಎಳೆದು ಹಿಡಿಸಿ, ಪ್ಲಾಸ್ಟರ್ ಪುಡಿ ಕಲಸಿ ಪಟ್ಟಿ ಸುತ್ತಿದರು. ಅದು ಗಟ್ಟಿಯಾಗಲಿಲ್ಲ, ಅಂಬಲಿಯಂತೆ ಇಳಿದುಹೋಯಿತು.

"ಮಳಿ ಹವಾ ಡಬ್ಬಿಯೊಳಗ ಹೊಕ್ಕದ. ಪುಡಿ ಆಗಲೇ ನೀರು ಕುಡಿದದ," ಎಂದರು.

ಪ್ಲಾಸ್ಟರ್ ಅಂದರೆ ಜಿಪ್ಸಂ ಎಂಬ ಹರಳುಕಲ್ಲನ್ನು ಹುರಿದು, ಒಳಗಿನ ಬಹುಪಾಲು ನೀರನ್ನು ಹೊರಗೆ ಹಾಕಿದ ಪುಡಿ. ನೀರು ಕೊಟ್ಟರೆ ಮತ್ತೆ ಕಲ್ಲಾಗುತ್ತದೆ. ಮೊದಲೇ ಕುಡಿದಿದ್ದರೆ ಆಗದು. ಬೀದರಿಗೆ ಒಯ್ಯೋಣವೆಂದರೆ ಹಳ್ಳ ತುಂಬಿ ಹಾದಿ ಮುಚ್ಚಿತ್ತು. ಹಿಡಿದವರು ಕೈಬಿಟ್ಟರೆ ಎಲುಬು ಸರಿಯುತ್ತದೆ. ಸೊಟ್ಟ ಕೂಡಿದರೆ ಕುರಿ ಹಿಂದೆ ಓಡುವವನ ಬಾಳೇ ಹೋಯಿತು.

ಡಾಕ್ಟರ್ ನನ್ನ ಕಡೆ ತಿರುಗಿದರು. "ಬೆಹನ್, ಒಲಿ ಮ್ಯಾಲ ಹಂಚು ಅದ ಏನ್ರಿ? ಡಬ್ಬಿಯಾಗ ಉಳಿದದ್ದು ಹುರೀಬೇಕು. ಹೆಚ್ಚಾದರ ಸತ್ತ ಪುಡಿ, ನೀರೇ ಹಿಡಿಯಂಗಿಲ್ಲ; ಕಡಿಮಿ ಆದರ ಮತ್ತ ಅಂಬಲಿ."

ಅತ್ತೆ ಅಡ್ಡ ನಿಂತರು. "ರೊಟ್ಟಿ ಹಂಚಿನ್ಯಾಗ ದವಾಖಾನಿ ಧೂಳ ಹುರೀತಿ? ಲಿಂಗದೇವ್ರಿಗಿ ಎಡಿ ಹ್ಯಾಂಗ ಮಾಡ್ತಿ?"

"ದೇವ್ರಿಗಿ ನಾ ಹೇಳ್ಕೋತೇನಿ ಅತ್ತಿ. ನೀವು ಆ ಕೆಂಡ ಹಿಂದ ಸರಸ್ರಿ."

ಗೊಣಗುತ್ತಲೇ ಸರಿಸಿದರು.

ಪುಡಿ ಬಿಸಿಯೇರಿ ಹಾಲಿನಂತೆ ಬುಳುಬುಳು ಕುದಿಯತೊಡಗಿತು. ಮೇಲೆ ತಣ್ಣನೆಯ ಹಿತ್ತಾಳೆ ತಾಟು ಹಿಡಿದೆ, ಬೆವರಿತು; ಪುಡಿಯ ನೀರು ಇನ್ನೂ ಹೊರಡುತ್ತಿತ್ತು. ಒರೆಸಿ ಮತ್ತೆ ಹಿಡಿದೆ. ಆಚೆ ಭೀಮಣ್ಣ ನರಳುತ್ತಿದ್ದ. ಕಾಲು ಹಿಡಿದವರು "ಕೈ ಸೋತವ್ರಿ" ಅನ್ನುತ್ತಿದ್ದರು. ಅಷ್ಟರಲ್ಲಿ ಕುದಿ ನಿಂತು ಪುಡಿ ತಗ್ಗಿತು, ತಾಟಿನ ಬೆವರು ತೆಳುವಾಯಿತು. ಹಂಚು ಇಳಿಸಿಬಿಟ್ಟೆ. ತಾಟನ್ನು ಒಣಗಿಸಿ ಒರೆಸಿ, ಪುಡಿಯನ್ನು ಅದಕ್ಕೇ ಹರವಿ, ಆರಿಸಿ ಕೊಟ್ಟೆ.

ಡಾಕ್ಟರ್ ಅದನ್ನು ಕಲಸಿ ಎರಡನೇ ಸಲ ಪಟ್ಟಿ ಸುತ್ತಿದರು. ಭೀಮಣ್ಣನೇ ಮೊದಲು ಹೇಳಿದ: "ಸಾಬ್ರೇ, ಕಾಲು ಬೆಚ್ಚಗ ಆಗ್ಲಕತ್ತದ್ರಿ."

ಡಾಕ್ಟರ್ ಸಾಬರು ಪಟ್ಟಿಯ ಮೇಲೆ ಬೆರಳಿಟ್ಟು ನೋಡಿದರು. "ನೀರು ಹಿಡಿವಾಗ ಶಾಖ ಬಿಡ್ತದ. ಗಟ್ಟಿ ಆಗ್ಲಕತ್ತದ, ಇನ್ನೊಂದು ಚೂರು ತಾಳ್ರಿ."

ಹರಳಿನೊಳಗಿನ ನೀರು ಸದಾ ನಡುಗುತ್ತಿರುತ್ತದೆ, ಆ ನಡುಕವನ್ನು ಕಣ್ಣಿಗೆ ಕಾಣದ ಬೆಳಕು ಹಾಯಿಸಿ ಅಳೆಯುತ್ತಾರೆ ಎಂದು ಕಾಲೇಜಿನಲ್ಲಿ ಕಲಿಸುವ ನನ್ನ ತಂಗಿಯ ಮಗ ಈಗ ಹೇಳುತ್ತಾನೆ. ಇದ್ದೀತು. ದವಾಖಾನೆ ನನಗೆ ಕಲಿಸಿದ್ದು ಇಷ್ಟೇ: ಉರಿ ಕೊಡುವುದು ಬಂದರೆ ಸಾಲದು, ಸಾಕು ಅನ್ನುವುದೂ ಬರಬೇಕು.

ಸುಗ್ಗಿಯಲ್ಲಿ ಭೀಮಣ್ಣ ಹೊಸ ಹಂಚು ಹೊತ್ತು ನಡೆದೇ ಬಂದ. ಅತ್ತೆ ಹಂಚಿನ ಕಡೆ ನೋಡಲಿಲ್ಲ. "ಅಂಗಳದಾಗ ಒಂದು ಸುತ್ತು ನಡಿ ನೋಡೋಣು," ಎಂದರು. ನಡೆದ. ಆಮೇಲೆ ಅವನಿಗೆಂದು ರೊಟ್ಟಿ ಬಡಿಯಲು ಕೂತರು.