ಸಣ್ಣಕ್ಕನ ತೋಳಿನ ಅಳತೆ

ಬೇಸಿಗೆ ಬಂತೆಂದರೆ ಆ ಹೊಲಿಗೆ ಅಂಗಡಿಯಲ್ಲಿ ನೀರು ಕುಡಿಯಲೂ ಪುರುಸೊತ್ತಿರುವುದಿಲ್ಲ. ಸಂಜೆಯ ತಂಪಿಗೆ ಊರಿಗೆ ಊರೇ ಹೊರಗೆ ಬೀಳುವ ಕಾಲ ಅದು. ಬಯಲಲ್ಲಿ ಹಾಡು, ತಾರಸಿ ಮೇಲೆ ಊಟ, ಶನಿವಾರ ಬಂದರೆ ದೊಡ್ಡ ಪಟ್ಟಣಕ್ಕೆ ಸವಾರಿ. ಹೋಗುವವರಿಗೆಲ್ಲ ಹೊಸ ಗೌನು ಬೇಕು, ಅದೂ ತೋಳಿಲ್ಲದ್ದು ಬೇಕು, ಅದೂ ಶುಕ್ರವಾರದೊಳಗೇ ಬೇಕು. ಬಟ್ಟೆ ಕತ್ತರಿಸುವವರು ಇಬ್ಬರೇ: ಅಂಗಡಿಯ ಒಡತಿ ದೊಡ್ಡಕ್ಕ, ಮತ್ತು ಒಂಬತ್ತು ವರ್ಷದಿಂದ ಅವಳ ಎದುರಿನ ಮೇಜಿಗೆ ಅಂಟಿಕೊಂಡಿರುವ ಸಣ್ಣಕ್ಕ. ಇಬ್ಬರೂ ಒಡಹುಟ್ಟಿದವರೇನಲ್ಲ. ಗಿರಾಕಿಗಳು ಕರೆದೂ ಕರೆದೂ ಹೆಸರು ನಿಂತುಬಿಟ್ಟಿದೆ.

ಸಣ್ಣಕ್ಕ ನೋಡಲು ಕಡ್ಡಿ. ಆದರೆ ಹನ್ನೆರಡು ಪದರ ಬಟ್ಟೆ ಒಟ್ಟಿ, ದೊಡ್ಡ ಕತ್ತರಿಯನ್ನು ಒಂದೇ ಒತ್ತಿಗೆ ಓಡಿಸುತ್ತಾಳೆ. ಇಸ್ತ್ರಿ ಮಾಡುವ ಗಂಡಸರಿಗೇ ಅದು ಸಾಗುವುದಿಲ್ಲ. "ಅವಳ ಕೈಯಲ್ಲಿ ಸಿಕ್ಕಿಕೊಂಡ ಬೆರಳು ನಮ್ಮದು ಅನ್ನೋದನ್ನ ಮರೆತುಬಿಡಬೇಕು" ಎಂದು ದೊಡ್ಡಕ್ಕ ತಮಾಷೆ ಮಾಡುವುದಿತ್ತು.

ಅಂಗಡಿಯಲ್ಲಿ ಒಂದು ಕಟ್ಟುನಿಟ್ಟು. ಯಾರ ಬಟ್ಟೆ ಕತ್ತರಿಸಿದರೂ ಅಳತೆ ಪುಸ್ತಕದಲ್ಲಿ ಬರೆಯಬೇಕು, ತಮ್ಮದನ್ನು ತಾವೇ ಹೊಲಿದುಕೊಂಡರೂ ಸರಿ. ಸಣ್ಣಕ್ಕನ ಪುಟದಲ್ಲಿ ಆ ಬೇಸಿಗೆಯ ಮೊದಲ ವಾರ ತೋಳು ಒಂಬತ್ತು ಇಂಚು ಎಂದಿತ್ತು. ಎರಡು ವಾರ ಬಿಟ್ಟು ಹದಿಮೂರು. ಆಮೇಲೆ ಹದಿನೇಳು. ಕೊನೆಗೆ ಇಪ್ಪತ್ತೆರಡು, ಅಂದರೆ ಮಣಿಕಟ್ಟು ಮುಚ್ಚುವಷ್ಟು, ಮೇಲೊಂದು ಕತ್ತಿನ ಪಟ್ಟಿ. ಬಿಸಿಲು ಏರಿದ ಹಾಗೆಲ್ಲ ತೋಳು ಇಳಿಯುತ್ತಿತ್ತು.

"ಏನೇ ಸಣ್ಣಿ, ಊರವರಿಗೆಲ್ಲ ಬಿಡಿಸಿದ ತೋಳನ್ನ ನೀನೇ ಹಾಕ್ಕೊಳ್ತಿದೀಯೇನೇ?"

"ಮೈ ಕಪ್ಪಾಗುತ್ತಕ್ಕ ಬಿಸಿಲಿಗೆ."

"ಅಯ್ಯೋ, ಇನ್ನೆಲ್ಲಿ ಕಪ್ಪಾಗೋಕೆ ಜಾಗ ಇದೆ ನಿಂಗೆ?"

ನಕ್ಕರು. ಜಾಗ ಇಲ್ಲದ್ದು ನಿಜವೇ ಆಗಿತ್ತು, ದೊಡ್ಡಕ್ಕ ಅಂದುಕೊಂಡ ಅರ್ಥದಲ್ಲಲ್ಲ.

ಸಣ್ಣಕ್ಕನ ಗಂಡನನ್ನು ಎಲ್ಲರೂ ಕರೆಯುವುದು ಸೌಂಡಣ್ಣ ಎಂದು. ಹಾಡಿನ ಕಾರ್ಯಕ್ರಮಗಳಿಗೆ ಸ್ಪೀಕರು, ಮೈಕು, ವೈರು ಸಾಗಿಸಿ ಜೋಡಿಸುವ ಕೆಲಸ. ಬೇಸಿಗೆಯಲ್ಲಿ ಪ್ರತಿ ಶನಿವಾರ ಎರಡು ಗಂಟೆ ದಾರಿಯ ಪಟ್ಟಣದಲ್ಲಿ ಕೆಲಸವಿರುತ್ತಿತ್ತು. ಸಂಜೆಗೆ ಮುಂಚೆ ಎಲ್ಲ ಜೋಡಿಸಿ ಪಾಲುದಾರನ ಕೈಗೆ ಬಿಟ್ಟರೆ ಇವನು ಸ್ವತಂತ್ರ. ಕಂಪನಿಯವರು ಎರಡು ಪಾಸು, ಊಟದ ಚೀಟಿ, ಲಾಡ್ಜಿನಲ್ಲೊಂದು ರೂಮು ಕೊಡುತ್ತಿದ್ದರು. ಅವನು ಹೆಂಡತಿಯನ್ನು ಕರೆದೊಯ್ಯುತ್ತಿದ್ದ. ಅವಳ ಅತ್ತೆ ಭಾನುವಾರ ಮಗ ಕಳಿಸಿದ ಫೋಟೋಗಳನ್ನು ನೆರೆಮನೆಗಳಿಗೆಲ್ಲ ತೋರಿಸಿಕೊಂಡು ಬರುತ್ತಿದ್ದಳು.

"ನಮ್ಮ ಯಜಮಾನ್ರು ನನ್ನನ್ನ ಬೀದಿ ಕೊನೇತನಕ ಕರ್ಕೊಂಡು ಹೋಗಿದ್ರೆ ಕೇಳಿ. ಇವನು ವಾರ ವಾರ ಮೆರೆಸ್ತಾನೆ. ಮನೇಲಿ ಒಂದಿನ ಜೋರು ಮಾತಿಲ್ಲ ನೋಡಿ."

ಜೋರು ಮಾತಿಲ್ಲ, ಅದು ಖರೆ. ಅತ್ತೆ ಮಲಗುವ ಕೋಣೆಗೂ ಅವರ ಕೋಣೆಗೂ ನಡುವೆ ಇದ್ದದ್ದು ಹಲಗೆಯ ಗೋಡೆ. ಯಾವ ಗೋಡೆ ಎಷ್ಟು ಸದ್ದು ತಡೆಯುತ್ತದೆ ಎಂದು ಸೌಂಡಣ್ಣನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹಾಡು, ಊಟ ಮುಗಿಸಿ ಲಾಡ್ಜಿನ ರೂಮಿಗೆ ಕಾಲಿಟ್ಟೊಡನೆ ಅವನು ಮಾಡುತ್ತಿದ್ದ ಮೊದಲ ಕೆಲಸ ಟೀವಿ ಹಾಕುವುದು. ದನಿ ಇಪ್ಪತ್ತೆಂಟಕ್ಕೆ. ಅದಕ್ಕಿಂತ ಕಡಿಮೆಯಾದರೆ ಪಕ್ಕದ ರೂಮಿಗೆ ಮಾತು ಕೇಳಿಸುತ್ತದೆ, ಹೆಚ್ಚಾದರೆ ಕೆಳಗಿನ ಕೌಂಟರಿನಿಂದ ಫೋನು ಬರುತ್ತದೆ. ಆಮೇಲೆ ಬೂಟು ಬಿಚ್ಚಿ, ಕಾಲುಚೀಲ ಮಡಿಸಿಟ್ಟು, ಕುರ್ಚಿ ಎಳೆದುಕೊಂಡು ಕೂರುತ್ತಿದ್ದ. ಅವಳು ಎದುರಿಗೆ ನಿಲ್ಲಬೇಕು.

"ನೀರು ತಂದಿಟ್ನಲ್ಲ, ಅವನ ಅಂಗಿ ಯಾವ ಬಣ್ಣ?"

"ಬಿಳಿ."

"ಅಂದ್ರೆ ನೋಡ್ದೆ."

ಮೈಕಿನ ವೈರನ್ನು ಎರಡು ಮಡಿಕೆ ಮಾಡಿ ಇಟ್ಟುಕೊಂಡಿರುತ್ತಿದ್ದ. ತೋಳಿನ ಮೇಲೆ ಬೀಳುತ್ತಿತ್ತು. ಮುಂದಿನ ವಾರ ಅವಳು "ಗೊತ್ತಿಲ್ಲ" ಎಂದಳು. "ಮೂಗಿನ ಮುಂದೆ ನಿಂತೋನು ಗೊತ್ತಿಲ್ವಾ, ಸುಳ್ಳು ಬೇರೆ ಕಲ್ತೆಯಾ" ಎಂದು ಎರಡು ಹೆಚ್ಚು ಬಿದ್ದವು. ಮೂರನೆಯ ಹಾಡಿಗೆ ಕಾಲು ಯಾಕೆ ಆಡಿಸಿದೆ? ಯಾರು ನಕ್ಕಿದ್ದಕ್ಕೆ ನಕ್ಕೆ? ಸರಿ ಉತ್ತರ ಎಂಬುದೇ ಇಲ್ಲದ ಪರೀಕ್ಷೆ. ಒಮ್ಮೆ ಅವಳ ತಲೆಯನ್ನು ಕೈತೊಳೆಯುವ ತೊಟ್ಟಿಯ ಅಂಚಿಗೆ ಬಡಿದ. ಕಿವಿಯ ಹಿಂದೆ ಹರಿದ ರಕ್ತ ಬಿಳಿ ಟವೆಲಿನಲ್ಲಿ ಕೈಯಗಲ ಹರಡಿತು. ಬೆಳಿಗ್ಗೆ ಅವನೇ ಹಣ್ಣಿನ ರಸ ತರಿಸಿ, ದವಡೆ ನೋಯುತ್ತದೆಯೆಂದು ಹೀರುಕೊಳವೆಯನ್ನೂ ಕೇಳಿ ಹಾಕಿಸಿ, "ಕುಡಿ, ತಣ್ಣಗಿದೆ" ಎಂದ. ಆಮೇಲೆ ಫೋಟೋ ತೆಗೆದ.

ಇಷ್ಟೆಲ್ಲದರ ನಡುವೆ ಸಣ್ಣಕ್ಕನಿಗೆ ಹಾಡು ಇಷ್ಟವಾಗುತ್ತಿತ್ತು. ಅದನ್ನು ಯಾರಿಗೆ ಹೇಳಿದರೂ ನಂಬುವುದಿಲ್ಲ. ಬಯಲ ಗಾಳಿ, ಎದೆಯೊಳಗೆ ಗುದ್ದುವ ಡ್ರಮ್ಮು, ಸಾವಿರ ಜನ ಒಂದೇ ಸಾಲನ್ನು ಗುನುಗುವುದು. ಮುಂದೇನಾಗುತ್ತದೆ ಎಂದು ಗೊತ್ತಿದ್ದೂ ಒಂದು ಗಳಿಗೆ ಮೈ ಹಗುರಾಗುತ್ತಿತ್ತು. ಅವನು ಹಾಡು ನೋಡುತ್ತಿರಲಿಲ್ಲ, ಅವಳ ಮುಖ ನೋಡುತ್ತಿದ್ದ.

ಯಾಕೆ ಸಹಿಸಿಕೊಂಡಳು ಎಂದರೆ ಅವಳ ಬಳಿ ಒಂದು ಹಂಚಿಕೆ ಇತ್ತು. ಶನಿವಾರ ತನ್ನದು, ಉಳಿದ ಆರು ದಿನ ಪುಟ್ಟಿಯದು. ಐದು ವರ್ಷದ ಮಗಳು ಶನಿವಾರ ಅಜ್ಜಿಯ ಮಗ್ಗುಲಲ್ಲಿ ಬೆಚ್ಚಗೆ ಮಲಗಿರುತ್ತಾಳೆ, ಅವಳಿಗೇನೂ ಗೊತ್ತಿಲ್ಲ. ಅದೊಂದು ಉಳಿದರೆ ಸಾಕು.

ಬೇಸಿಗೆಯ ಕೊನೆಯ ವಾರ ಆ ಹಂಚಿಕೆ ಹರಿಯಿತು. ಅತ್ತೆಯ ತಂಗಿ ಮೆಟ್ಟಿಲಿನಿಂದ ಬಿದ್ದಳೆಂದು ಸುದ್ದಿ ಬಂದು ಅತ್ತೆ ಹೊರಟುಹೋದಳು.

"ಪುಟ್ಟೀನ ದೊಡ್ಡಕ್ಕನ ಮನೇಲಿ ಬಿಟ್ಟು ಬರ್ತೀನಿ ರೀ" ಎಂದಳು ಸಣ್ಣಕ್ಕ.

"ಯಾಕೆ, ಬರ್ಲಿ. ದೊಡ್ಡೋಳಾದ್ಲು."

"ರಾತ್ರಿ ನಿದ್ದೆಗೆಟ್ರೆ ಅವಳಿಗೆ ಜ್ವರ ಬರುತ್ತೆ."

"ಬಂದ್ರೆ ಬರ್ಲಿ. ಕಣ್ಣು ಬಿಟ್ಕೊಂಡಿರೋದು ಅವಳೂ ಕಲೀಬೇಕು."

ಅಷ್ಟು ಹೇಳಿ ಹಲ್ಲುಜ್ಜಲು ಹೋದ.

ಮರುದಿನ ಶುಕ್ರವಾರ. ಬೇಸಿಗೆ ಮುಗಿಯುವಾಗ ದೊಡ್ಡಕ್ಕ, ಸಣ್ಣಕ್ಕ ಒಬ್ಬರಿಗೊಬ್ಬರು ಗುಟ್ಟಾಗಿ ಒಂದು ಗೌನು ಹೊಲಿದು ಕೊಡುವುದು ಅಂಗಡಿಯ ವಾಡಿಕೆ. ಕೇಳುವ ಹಾಗಿಲ್ಲ, ಅಳತೆ ಪುಸ್ತಕ ನೋಡಿಯೇ ಕತ್ತರಿಸಬೇಕು. ಸಂಜೆ ಸೌಂಡಣ್ಣ ಕರೆದೊಯ್ಯಲು ಬಂದು ಬಾಗಿಲಲ್ಲಿ ನಿಂತಾಗಲೇ ದೊಡ್ಡಕ್ಕ ಪೊಟ್ಟಣ ಬಿಚ್ಚಿದಳು. ಕಡುನೀಲಿ ಗೌನು. ತೋಳೇ ಇರಲಿಲ್ಲ.

"ಪುಸ್ತಕದಲ್ಲಿ ಕೊನೇ ಅಳತೆ ನೋಡಿ ಬೇಜಾರಾಯ್ತು ಕಣೇ. ಅದಕ್ಕೇ ಬೇಕಂತಲೇ ತೋಳು ಬಿಟ್ಟೆ. ಏನ್ ಸೌಂಡಣ್ಣ, ಇಂಥ ಹೆಂಡ್ತೀನ ಮೂಟೆ ಕಟ್ಟಿ ಇಡ್ತಾರಾ ಯಾರಾದ್ರೂ?"

ಅವನು ಬಾಯಿತುಂಬ ನಕ್ಕ. "ನಾಳೆ ಇದನ್ನೇ ಹಾಕಿಸ್ತೀನಿ ದೊಡ್ಡಕ್ಕ."

ಬೈಕು ತಿರುವು ದಾಟಿದ ಮೇಲೆ, ತಲೆ ತಿರುಗಿಸದೆ ಹೇಳಿದ: "ಮೇಲೆ ಶಾಲು. ಜಾರಿದ್ರೆ ನೋಡು."

ಶನಿವಾರದ ಬಯಲು ಕಿಕ್ಕಿರಿದಿತ್ತು. ವೇದಿಕೆಯ ಎಡಕ್ಕೆ ಬೇಲಿ ಹಾಕಿ ಊಟದ ಮೇಜುಗಳನ್ನಿಟ್ಟಿದ್ದರು, ಮೇಜಿಗೊಂದು ದೀಪ. ಮಗುವಿಗೆ ಎಲ್ಲವೂ ಹೊಸದು. ದೀಪ ಎಣಿಸಿತು, ಸೂಪಿನಲ್ಲಿ ಕೈಯದ್ದಿತು, ಹಾಡಿಗೆ ತಲೆ ಕುಣಿಸಿತು. ಸಣ್ಣಕ್ಕ ಶಾಲಿನ ಎರಡು ತುದಿಯನ್ನೂ ಎದೆಯ ಹತ್ತಿರ ಮುಷ್ಟಿಯಲ್ಲಿ ಹಿಡಿದುಕೊಂಡು, ಮೇಜಿನ ಬಟ್ಟೆಯ ಅಂಚಿನ ಹೊಲಿಗೆಯನ್ನಷ್ಟೇ ನೋಡುತ್ತಿದ್ದಳು. ಹೊಲಿಗೆಗೆ ಅಂಗಿಯಿಲ್ಲ, ಬಣ್ಣ ಕೇಳುವಂತಿಲ್ಲ.

ಸೌಂಡಣ್ಣ ಮಗಳ ಕಡೆ ಬಾಗಿದ. "ಪುಟ್ಟಿ, ಒಂದು ಆಟ ಆಡೋಣ್ವಾ? ಸರಿಯಾಗಿ ಹೇಳಿದ್ರೆ ಮಾರ್ಕು."

"ಹ್ಞೂಂ."

"ಬಸ್ಸಲ್ಲಿ ಅಮ್ಮ ಯಾರ ಹತ್ರ ಮಾತಾಡಿದ್ಲು?"

"ಟಿಕೆಟ್ ಅಂಕಲ್ ಹತ್ರ."

"ಭಲೇ. ನಕ್ಕಿದ್ಲಾ?"

ಮಗು ಹುಬ್ಬು ಗಂಟಿಕ್ಕಿ ಯೋಚಿಸಿತು. ಗೆಲ್ಲಬೇಕೆಂಬ ಆಸೆ ಅದಕ್ಕೆ. "ಒಂದು ಸಲ. ಇಲ್ಲ, ಎರಡು."

"ಎರಡಕ್ಕೆ ಎರಡು ಮಾರ್ಕು. ಈಗ ಸೂಪು ತಂದ್ನಲ್ಲ, ಅವನ ಅಂಗಿ ಯಾವ ಬಣ್ಣ?"

ಮಗು ಸುತ್ತ ನೋಡಿತು. ಸೂಪು ತಂದವನು ಅಲ್ಲೆಲ್ಲೂ ಇರಲಿಲ್ಲ. "ಗೊತ್ತಿಲ್ಲಪ್ಪ."

"ಮೂಗಿನ ಮುಂದೆ ನಿಂತಿದ್ನಲ್ಲ."

ಅವನು ಮಗಳ ಕಿರುಬೆರಳನ್ನು ತನ್ನ ಬಲಗೈಯ ಎರಡು ಬೆರಳ ನಡುವೆ ಹಿಡಿದು ಮೆಲ್ಲಗೆ ಹಿಂದಕ್ಕೆ ಬಗ್ಗಿಸಿದ. ಮುಖದಲ್ಲಿ ನಗು ಹಾಗೇ ಇತ್ತು. ಮಗುವಿನ ಬಾಯಿ ಸೊಟ್ಟಗಾಯಿತು. ಅಪ್ಪ ಆಡುತ್ತಿರುವುದು ಆಟವೋ ಅಲ್ಲವೋ ಎಂದು ಅಮ್ಮನ ಮುಖ ನೋಡಿತು.

"ಅವಳ ಕೈ ಬಿಡಿ" ಎಂದಳು ಸಣ್ಣಕ್ಕ.

ಮದುವೆಯಾದ ಮೇಲೆ ಅವನಿಗೆ ಅವಳು ಹೇಳಿದ ಮೊದಲ 'ಬಿಡಿ' ಅದು. ಅವನು ಬೆರಳು ಬಿಟ್ಟ. ಜೇಬಿನಿಂದ ಹಾಡಿನ ಪಟ್ಟಿ ತೆಗೆದು ನೋಡಿದ. ಯಾವ ಹಾಡು ಯಾವಾಗ, ಎಷ್ಟು ಜೋರು ಎಂದು ಬರೆದ ಹಾಳೆ ಅವನ ಬಳಿ ಯಾವಾಗಲೂ ಇರುತ್ತಿತ್ತು. ಮುಂದಿನದು ಡ್ರಮ್ಮಿನ ಹಾಡು, ಐದು ನಿಮಿಷ. ಪಕ್ಕದಲ್ಲಿ ಗುಂಡು ಹಾರಿದರೂ ಕೇಳಿಸುವುದಿಲ್ಲ. ಕಾದ. ಡ್ರಮ್ಮು ಎದ್ದಿತು. ಅವನು ಅವಳ ಕತ್ತಿನ ಹಿಂಭಾಗ ಹಿಡಿದು ಹತ್ತಿರಕ್ಕೆಳೆದು ಗಂಟಲು ಹರಿಯುವಂತೆ ಕೂಗಿದ.

"ರೂಮಿಗೆ ಬಾ. ಇವತ್ತು ವೈರಿಂದ ಹೊಡೆಯೋಕೆ ನಿನ್ನ ಮೈಮೇಲೆ ಜಾಗ ಉಳಿಸಲ್ಲ. ನಿನ್ನ ಮಗಳೂ ನಿಂತ್ಕೊಂಡು ನೋಡ್ಲಿ."

ಆದರೆ ಹಾಡುವವಳಿಗೆ ಆ ದಿನ ಏನು ಹೊಳೆಯಿತೋ. ನಡುವೆ ಕೈಯೆತ್ತಿ ವಾದ್ಯಗಳನ್ನೆಲ್ಲ ನಿಲ್ಲಿಸಿದಳು, ಮುಂದಿನ ಸಾಲನ್ನು ಜನರೇ ಹಾಡಲಿ ಎಂದು. ಪಟ್ಟಿಯಲ್ಲಿ ಬರೆಯದ ನಿಲುಗಡೆ. ಜನ ಉಸಿರೆಳೆದುಕೊಳ್ಳುವಷ್ಟು ಹೊತ್ತು ಬಯಲು ಮೌನವಾಯಿತು. ಆ ಮೌನದೊಳಗೆ ಸೌಂಡಣ್ಣನ ದನಿಯೊಂದೇ ನೆಟ್ಟಗೆ ನಿಂತಿತ್ತು. ಹತ್ತು ಮೇಜುಗಳ ತಲೆಗಳು ತಿರುಗಿದವು.

ಸಣ್ಣಕ್ಕನಿಗೆ ಆಗ ಹೊಳೆದದ್ದು ಒಂದೇ, ಮಗು ನೋಡಬಾರದು. ಎದ್ದು ಶಾಲನ್ನು ಎಳೆದು ಪುಟ್ಟಿಯ ತಲೆಯಿಂದ ಕೆಳಗೆ ಸುತ್ತಿಬಿಟ್ಟಳು. ತನ್ನ ತೋಳು ಬರಿದಾದದ್ದು ಅವಳ ಗಮನಕ್ಕೆ ಬರಲಿಲ್ಲ. ಮೇಜಿನ ದೀಪ ಅವುಗಳ ಮೇಲೆಯೇ ಬಿದ್ದಿತ್ತು: ಹಳದಿಗಟ್ಟಿದ್ದು, ಹಸಿರಾದದ್ದು, ಕಳೆದ ವಾರದ ನೇರಳೆ, ವೈರಿನ ಜೋಡಿಗೆರೆ ಭುಜದಿಂದ ಮಣಿಕಟ್ಟಿನ ತನಕ.

"ಬಿಡ್ರೀ, ಗಂಡ ಹೆಂಡ್ತಿ ವಿಷಯ" ಎನ್ನುತ್ತಿದ್ದ ಪಕ್ಕದ ಮೇಜಿನವನು ಅಷ್ಟಕ್ಕೇ ನಿಲ್ಲಿಸಿದ.

ಸೌಂಡಣ್ಣನ ಕೈ ಎಲ್ಲಿದ್ದೇನೆಂಬುದನ್ನು ಮರೆಯಿತು. ಮೊದಲ ಏಟಿಗೆ ಅವಳ ಮುಂದಿನ ಹಲ್ಲು ತುಟಿಯನ್ನು ಸೀಳಿತು. ಎರಡನೆಯದು ಗಾಜಿನ ನೀರಿನ ಜಗ್ಗು; ಹಣೆಯ ಮೇಲೆ ಒಡೆದು ಚೂರುಗಳು ಸೂಪಿನಲ್ಲಿ ಬಿದ್ದವು. ಮೇಜು ಮಗುಚಿತು. ಅವಳು ಮಗುವನ್ನು ಬೆನ್ನ ಹಿಂದೆ ಒತ್ತಿಕೊಂಡು, ಒಂದು ಕಣ್ಣಿಗೆ ರಕ್ತ ಇಳಿದು ಕುರುಡಾಗಿ, ಇನ್ನೊಂದರಲ್ಲಿ ಅವನ ಬಲಗೈ ಬರುವುದನ್ನು ಕಂಡಳು. ಪುಟ್ಟಿಯ ಬೆರಳು ಬಗ್ಗಿಸಿದ ಕೈ. ಅದರ ಎರಡು ಬೆರಳನ್ನು ಹಿಡಿದಳು. ಹನ್ನೆರಡು ಪದರ ಬಟ್ಟೆಗೆ ಹಾಕುವ ಒತ್ತನ್ನು ಹಾಕಿ ಹಿಂದಕ್ಕೆ ತಿರುಚಿದಳು. ಒಣಕಡ್ಡಿ ಮುರಿದಂತೆ ಎರಡು ಸಲ ಅವಳ ಕೈಗೆ ತಿಳಿಯಿತು. ಅವನು ಮಂಡಿಯೂರಿ ಕಿರುಚಿದ. ಅಷ್ಟರಲ್ಲಿ ಡ್ರಮ್ಮು ಮತ್ತೆ ಶುರುವಾಗಿತ್ತು, ಅವನ ಕೂಗು ಯಾರಿಗೂ ಕೇಳಿಸಲಿಲ್ಲ. ಕಾವಲಿನವರು ಬಂದು ಬಿಡಿಸುವ ತನಕ ಅವಳು ಬೆರಳು ಬಿಡಲಿಲ್ಲ.

ಅವನನ್ನು ಪೊಲೀಸರು ಕರೆದೊಯ್ದರು. ಚಿಕಿತ್ಸೆಯ ಡೇರೆಯಲ್ಲಿ ನರ್ಸು ಅವಳ ಹಣೆಗೆ ಏಳು ಹೊಲಿಗೆ ಹಾಕಿದಳು. ಕನ್ನಡಿ ಕೊಟ್ಟಾಗ ಸಣ್ಣಕ್ಕ ನೋಡಿ, ಒಡೆದ ತುಟಿಯಲ್ಲೇ ಹೇಳಿದಳು: "ನಾಲ್ಕನೇದು ಸ್ವಲ್ಪ ಬಿಗಿಯಾಯ್ತಮ್ಮ."

"ನೀವೇನು ಟೈಲರಾ?" ಎಂದಳು ನರ್ಸು. ಆಮೇಲೆ ತೋಳಿನ ಗೆರೆ ಒಂದೊಂದನ್ನೂ ಬರೆದುಕೊಂಡಳು, ಉದ್ದ ಎಷ್ಟು, ಬಣ್ಣ ಯಾವುದು ಎಂದು. ಬಣ್ಣ ಕೇಳಿದ್ದಕ್ಕೆ ಏಟು ಬೀಳದಿದ್ದದ್ದು ಅದೇ ಮೊದಲು.

ಬೆಳಿಗ್ಗೆಯ ಬಸ್ಸಿನಲ್ಲಿ ಪುಟ್ಟಿ ಅಮ್ಮನ ತೊಡೆಯ ಮೇಲೆ ಕೂತಿತ್ತು, ಎಡಗೈಯಲ್ಲಿ ಬಲಗೈಯ ಕಿರುಬೆರಳು ಮುಚ್ಚಿಕೊಂಡು. ಟಿಕೆಟ್ ಕೊಡುವವನು ಬಂದು ಹೋದ.

"ಅಮ್ಮಾ" ಎಂದಿತು ಬಹಳ ಸಣ್ಣ ದನಿಯಲ್ಲಿ, "ಆ ಅಂಕಲ್ ಅಂಗಿ ಯಾವ ಬಣ್ಣ?"

ಸಣ್ಣಕ್ಕನ ಭುಜ ತಾನಾಗಿ ಮೇಲೆದ್ದಿತು. ಅದನ್ನು ಕೆಳಗಿಳಿಸಲು ಎರಡು ಉಸಿರು ಬೇಕಾಯಿತು.

"ಗೊತ್ತಿಲ್ಲ ಪುಟ್ಟಿ. ನಾನು ಹೊರಗೆ ನೋಡ್ತಿದ್ದೆ."

ಮಗು ಅಮ್ಮನ ಮುಖವನ್ನೇ ನೋಡುತ್ತ ಸ್ವಲ್ಪ ಹೊತ್ತು ಕಾಯಿತು. ಏನೂ ಆಗಲಿಲ್ಲ. "ನಂಗೂ ಗೊತ್ತಿಲ್ಲ" ಎಂದು ಹೇಳಿ, ಬೆರಳು ಬಿಟ್ಟು, ಕಿಟಕಿಯ ಗಾಜಿಗೆ ಮೂಗು ಒತ್ತಿತು.

ದೊಡ್ಡಕ್ಕ ಅಂಗಡಿಯ ಮೇಲಿನ ಮನೆಯ ಬಾಗಿಲು ತೆಗೆದು ಹಣೆಯ ಹೊಲಿಗೆ, ತೋಳಿನ ಗೆರೆ ನೋಡಿದಳು. ಮಗುವಿಗೆ ಹಾಲು ಕೊಟ್ಟು ಮಲಗಿಸಿದಳು. ಕೆಳಗೆ ಹೋಗಿ ಅಳತೆ ಪುಸ್ತಕ ತಂದು ಸಣ್ಣಕ್ಕನ ಪುಟ ತೆರೆದು, ಒಂಬತ್ತು, ಹದಿಮೂರು, ಹದಿನೇಳು, ಇಪ್ಪತ್ತೆರಡು ಎಂದು ಬೆರಳಿಟ್ಟು ಓದಿದಳು.

"ನನ್ನ ಕಣ್ಣೆದುರಿಗೇ ಇತ್ತಲ್ಲೇ ಸಣ್ಣಿ. ಓದೋಕೆ ಬರಲಿಲ್ಲ ನಂಗೆ."

"ಪೊಲೀಸಿನವರು ಈ ಪುಟ ಬೇಕು ಅಂತಾರೇನೋ ಅಕ್ಕ."

"ಪುಟ ಯಾಕೆ, ಪುಸ್ತಕಾನೇ ಒಯ್ಯಿ" ಎಂದಳು ದೊಡ್ಡಕ್ಕ, ಮತ್ತು ಗಿರಾಕಿಗಳ ಅಳತೆಯನ್ನೆಲ್ಲ ಬೇರೆ ಹೊತ್ತಿಗೆಗೆ ಇಳಿಸಿಕೊಳ್ಳಲು ಅಲ್ಲೇ ಕೂತಳು.