ದೂರದೇಶದವರಿಗೆ ಅಣ್ಣನ ಕನಿಕರ

ಕಂಪ್ಲಿಯ ನಮ್ಮ ಅಕ್ಕಿ ಗಿರಣಿಯ ಮುಂದೆ ಸಂಜೆಯಾದರೆ ಕುರ್ಚಿಗಳು ಬೀಳುತ್ತವೆ. ಗಿರಣಿ ನಡೆಸುವವನು ಅಣ್ಣ. ಭತ್ತದ ಖರೀದಿ ನನ್ನದು. ಎದುರು ಮನೆಯ ವಕೀಲರು ಕಾಯಂ ಗಿರಾಕಿ. ಮಾರುಕಟ್ಟೆಯ ಸುದ್ದಿ ಮುಗಿದ ಮೇಲೆ ಯುದ್ಧ ಶುರು. ಎಲ್ಲೋ ಮರಳುಗಾಡಿನ ಕಡೆ ಬಾಂಬು ಬಿದ್ದರೆ ಇಲ್ಲಿ ಚಹಾ ಆರಿಹೋಗುವಷ್ಟು ಜಗಳ. ಅಣ್ಣ ಬಾಂಬು ಹಾಕುವವರ ಕಡೆ, ವಕೀಲರು ಹಾಕಿಸಿಕೊಳ್ಳುವವರ ಕಡೆ. ಇಬ್ಬರೂ ಆ ದೇಶಗಳನ್ನು ಮೊಬೈಲಿನಲ್ಲಿ ಬಿಟ್ಟರೆ ಎಲ್ಲೂ ಕಂಡವರಲ್ಲ.

ಹೋದ ವರ್ಷ ಒಂದು ಸಂಜೆ ಅಣ್ಣ ಹೊಸ ಅಸ್ತ್ರ ತೆಗೆದ.

"ಆ ದೇಶದಾಗ ಇಬ್ಬರು ಗಂಡಸ್ರು ಪ್ರೀತಿ ಮಾಡಿದ್ರ ನೇಣಿಗೆ ಹಾಕ್ತಾರ್ರೀ ವಕೀಲ್ರ. ಅಂಥ ದೇಶದ ಪರ ಮಾತಾಡ್ತೀರಲ್ಲ? ಪಾಪ, ಅವ್ರೂ ಒಬ್ಬ ತಾಯಿ ಮಕ್ಕಳಲ್ಲೇನು?"

ವಕೀಲರು ಬಿಡಲಿಲ್ಲ. "ಬಾಂಬು ಅಂಥವರನ್ನ ಆರಿಸಿ, ಬಿಟ್ಟು ಬೀಳ್ತೈತೇನ್ರಿ? ಮತ್ತ ಅದೆಲ್ಲ ಬಿಳೇ ಮಂದಿ ಹಚ್ಚಿದ ಚಟ. ಅದನ್ನ ಮುಂದ ಮಾಡಿ ಊರು ಸುಡ್ತಾರ."

ವಕೀಲರ ಮೊದಲ ಮಾತಿಗೆ ಹೌದೆಂದು ತಲೆಯಾಡಿಸಿದ್ದೆ, ಎರಡನೆಯದಕ್ಕೆ ಕೆನ್ನೆಗೆ ಹೊಡೆದಂತಾಯಿತು. ಯುದ್ಧವೆಂದರೆ ನನಗೆ ಹೇಸಿಗೆ, ಅಲ್ಲಿಯವರೆಗೆ ನಾನು ವಕೀಲರ ಪಕ್ಷ. ಆದರೆ ಅಂದು ಅಣ್ಣನ ಮುಖವನ್ನೇ ನೋಡುತ್ತ ಕುಳಿತೆ. ನನ್ನಂಥವರ ಸುದ್ದಿ ನಮ್ಮ ಮನೆಯಲ್ಲಿ ಬಂದಿದ್ದರೆ ನಗೆಚಾಟಿಕೆಗೆ ಮಾತ್ರ ಬಂದಿತ್ತು. ಈಗ ಅದೇ ಅಣ್ಣ "ಪಾಪ" ಎಂದಿದ್ದ. ಅಷ್ಟಕ್ಕೇ ನನಗೆ ಅಳು ಬಂತು. ಎದ್ದು ಭತ್ತದ ಚೀಲಗಳ ಹಿಂದೆ ಹೋಗಿ ನಿಂತೆ.

ನನ್ನವನು ಸಂಡೂರಿನ ಗಣಿ ಕಚೇರಿಯಲ್ಲಿ ಕೆಲಸ ಮಾಡುತ್ತಾನೆ. ಭಾನುವಾರ ಇಬ್ಬರೂ ಹಂಪಿಗೆ ಹೋಗುತ್ತಿದ್ದೆವು. ಅಲ್ಲಿ ಕ್ಯಾಮೆರಾಗಳೆಲ್ಲ ಕಲ್ಲಿನ ಕಡೆ ತಿರುಗಿರುತ್ತವೆ, ಬಂಡೆಯ ಮೇಲೆ ಒತ್ತಿ ಕುಳಿತ ಇಬ್ಬರು ಗಂಡಸರನ್ನು ಯಾರೂ ನೋಡುವುದಿಲ್ಲ. ಹೊಸಪೇಟೆಯಲ್ಲಿ ಒಂದು ಸಣ್ಣ ಮನೆ ಹಿಡಿದು ಒಟ್ಟಿಗಿರಬೇಕೆಂಬುದು ನಮ್ಮ ಹಳೆಯ ಆಸೆ. ಅಣ್ಣ ನನಗೆ ಹೆಣ್ಣು ಹುಡುಕುವುದನ್ನು ನಿಲ್ಲಿಸದೆ ಅದು ಆಗುವಂತಿರಲಿಲ್ಲ. ಗಿರಣಿಯ ಮುಂದೆ ನಡೆದ ಮಾತನ್ನು ನನ್ನವನಿಗೆ ಕುಣಿಯುತ್ತ ಹೇಳಿದೆ. ಅವನು ಕುಣಿಯಲಿಲ್ಲ.

"ಅದು ಜಗಳ ಗೆಲ್ಲಾಕ ಆಡಿದ ಮಾತೋ. ದೂರದ ಬೆಟ್ಟ ಕಣ್ಣಿಗೆ ನುಣ್ಣಗ. ಹೇಳಬ್ಯಾಡ."

ಸಂಡೂರಿನವನಿಗೆ ಬೆಟ್ಟದ ಮಾತು ಬಿಟ್ಟರೆ ಬೇರೆ ಬರುವುದಿಲ್ಲ ಎಂದು ಸಿಟ್ಟಿನಲ್ಲಿ ಅಂದೆ. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ ಎನ್ನುತ್ತಾರೆ. ನನಗೆ ದೋಣಿಯೇ ಸಿಕ್ಕಿದೆ ಎಂದು ನಂಬಿದ್ದೆ.

ಮುಂದೆ ಸ್ವಲ್ಪ ದಿನಕ್ಕೆ ಮರಿಯಮ್ಮನಹಳ್ಳಿಯಲ್ಲಿ ಒಂದು ಹೆಣ್ಣು ನೋಡುವುದೆಂದಾಯಿತು. ಹೆಂಗಸರು ಆಮೇಲೆ ಬರಲಿ, ಮೊದಲು ನಾವಿಬ್ಬರೇ ಹೋಗೋಣವೆಂದ ಅಣ್ಣ. ಹೊಸಪೇಟೆ ದಾಟಿದ ಮೇಲೆ ಕಾರಿನಲ್ಲಿ ಬಾಯಿಬಿಟ್ಟೆ.

"ಅಣ್ಣಾ, ಆವತ್ತು ವಕೀಲ್ರಿಗೆ ಹೇಳಿದ್ಯಲ್ಲ, ಪ್ರೀತಿ ಮಾಡೋ ಗಂಡಸ್ರ ಸುದ್ದಿ. ನಾನೂ ಅಂಥವನ. ನನಗೂ ಒಬ್ಬ ಅದಾನ, ಸಂಡೂರಾಗ."

ಅಣ್ಣ ಕಾರನ್ನು ರಸ್ತೆಯ ಪಕ್ಕಕ್ಕೆ ಹಾಕಿದ. ಅದಿರಿನ ಲಾರಿಗಳು ಹಾಯ್ದಾಗಲೆಲ್ಲ ಕಾರು ಅಲುಗುತ್ತಿತ್ತು. ಅವನು ಬೈಯಲಿಲ್ಲ, ಕೈ ಎತ್ತಲಿಲ್ಲ. ಎತ್ತಿದ್ದರೆ ನನಗೂ ಜಗಳವಾಡಲು ಏನಾದರೂ ಸಿಗುತ್ತಿತ್ತು.

"ಅದು ಯುದ್ಧದ ಮಾತೋ ತಮ್ಮಾ. ಮನಿಗ್ಯಾಕ ತರ್ತಿ?"

"ಅವ್ರೂ ಒಬ್ಬ ತಾಯಿ ಮಕ್ಕಳು ಅಂದ್ಯಲ್ಲ?"

"ಅವ್ರ ತಾಯಿ ಬ್ಯಾರೆ, ನಮ್ಮವ್ವ ಬ್ಯಾರೆ." ಹೆಗಲ ಮೇಲಿನ ತನ್ನ ಟವೆಲ್ಲು ತೆಗೆದು ಕೊಟ್ಟ. "ಇಲ್ಲಿ ನಿನಗ ಯಾರರ ನೇಣು ಹಾಕ್ತಾರೇನು? ಲಗ್ನಾನ ಮಾಡ್ತಾರ. ಮಾರಿ ಒರಿಸ್ಕೋ, ಅವ್ರು ಕಾಯಾಕತ್ಯಾರ."

ಅವನು ಸುಳ್ಳು ಹೇಳಿರಲಿಲ್ಲ. ಆ ದೂರದವರ ಮೇಲೆ ಅವನಿಗೆ ನಿಜವಾಗಿಯೂ ಕನಿಕರವಿತ್ತು. ಅವರಲ್ಲಿ ಯಾರೂ ಅವನ ಮನೆಯಲ್ಲಿ ಉಣ್ಣುವವರಾಗಿರಲಿಲ್ಲ, ಅಷ್ಟೆ.

ಹೆಣ್ಣಿನ ಮನೆಯಲ್ಲಿ ಉಪ್ಪಿಟ್ಟು, ಚಹಾ ಆದವು. ಈಗಿನ ಕಾಲದ ಹುಡುಗರು, ಮಾತಾಡಿಕೊಳ್ಳಲಿ ಎಂದು ನಮ್ಮಿಬ್ಬರನ್ನು ಹಿತ್ತಲಿಗೆ ಕಳಿಸಿದರು. ಆಕೆ ನೆಟ್ಟಗೆ ಕೇಳಿದಳು.

"ನಿಮ್ಮನ್ನ ಒತ್ತಾಯ ಮಾಡಿ ಕರ್ಕೊಂಡು ಬಂದಾರೇನ್ರಿ?"

"ಹೌದ್ರಿ."

"ನನಗೂ ಬ್ಯಾಡಾಗಿತ್ರಿ."

ಎಷ್ಟು ಹಗುರಾಯಿತೆಂದರೆ ನಗು ಬಂತು. "ಹಂಗಾರ ಒಳಗ ಹೋಗಿ ಹೇಳೋಣೇನ್ರಿ?" ಎಂದೆ.

"ಯಾರಿಗಂತ ಹೇಳ್ತೀರಿ?" ಎಂದಳು.

ಇಬ್ಬರೂ ಒಳಗೆ ಬಂದೆವು. ನನ್ನ ಮುಖದಲ್ಲಿ ಇನ್ನೂ ಆ ನಗು ಉಳಿದಿತ್ತೇನೋ. ನಗುತ್ತ ಬಂದರಲ್ಲ, ಇನ್ನೇನು ಕೇಳುವುದು, ಒಪ್ಪಿಗೆಯೇ ಎಂದು ಆಕೆಯ ತಾಯಿ ಸಕ್ಕರೆ ತಂದರು. ಕಿಸೆಯಲ್ಲಿ ಫೋನು ನಡುಗುತ್ತಿತ್ತು. ಏನಾಯಿತೆಂದು ಕೇಳಲು ಸಂಡೂರಿನವನೇ ಮಾಡಿರಬೇಕು. ಒಂದು ಕೈಯನ್ನು ಅಣ್ಣ ಗಟ್ಟಿಯಾಗಿ ಹಿಡಿದಿದ್ದ, ಇನ್ನೊಂದರಲ್ಲಿ ಸಕ್ಕರೆ ಹಾಕಿದ್ದರು. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ತಿಂದೆ.