ಆಫ್ ಮಾಡದ ಕಂಪ್ಯೂಟರ್

ನಮ್ಮ ಮನೆಯಲ್ಲಿ ಡಿಗ್ರಿ ಅಂತ ಮುಗಿಸಿದವನು ನಾನೇ ಮೊದಲು. ಅಪ್ಪ ಮದರಾಸಿನ ಸೌಕಾರ್‌ಪೇಟೆಯಲ್ಲಿ ಬಟ್ಟೆಯ ಬೇಲು ಹೊತ್ತವರು. ಎರಡು ಸಾವಿರನೇ ಇಸವಿಯ ಆಚೀಚೆಗೆ ಅದೇ ಬೀದಿಯ ಸಗಟು ಬಟ್ಟೆ ಅಂಗಡಿಯೊಂದರ ಮಹಡಿಯ ಆಫೀಸಿನಲ್ಲಿ ನಾನು ಕುರ್ಚಿ ಹಾಕಿಕೊಂಡು ಕೂತೆ. ಹೆಮ್ಮೆಯಿತ್ತು, ಈಗಲೂ ಇದೆ.

ಪಕ್ಕದ ಮೇಜಿನಲ್ಲಿ ಟೈಪಿಸ್ಟ್ ಅಕ್ಕ. ಮದರಾಸಿನಲ್ಲೇ ಮೂರು ತಲೆಮಾರು ಕಳೆದ ಕನ್ನಡದವರು. ಇಪ್ಪತ್ತು ವರ್ಷ ಟೈಪ್‌ರೈಟರ್ ಕುಟ್ಟಿದ ಕೈ. ಕಂಪ್ಯೂಟರ್ ಬಂದ ಮೇಲೆ ಒಂದು ಸಾಲು ಹೊಡೆದು ಕಾಯಬೇಕಾಗಿತ್ತು. ಅಕ್ಷರಗಳು ಆಮೇಲೆ ಒಂದೊಂದಾಗಿ ಬರುತ್ತಿದ್ದವು. ಮ್ಯಾನೇಜರ್ ಅಕ್ಕನ ವಯಸ್ಸನ್ನೇ ದೂರಿದರು. ಅವರದು ತಮಿಳು, ನಾನು ಕನ್ನಡದಲ್ಲೇ ಬರೆಯುತ್ತೇನೆ: "ವಿಜಯದಶಮಿ ತನಕ ನೋಡ್ತೀನಮ್ಮಾ. ಆಮೇಲೆ ಈ ಸೀಟಿಗೆ ಬೇರೆಯವರು."

ಒಂದು ಮಧ್ಯಾಹ್ನ ಮ್ಯಾನೇಜರ್ ಇಲ್ಲದಾಗ, ಅಕ್ಕನ ಕಂಪ್ಯೂಟರ್ ಯಾಕೆ ನಿಧಾನ ಎಂದು ನಾನು ಹುಡುಕಿದೆ. ಯಾರೂ ಕೇಳದ 'ಸರ್ವಿಸ್' ಎಂಬ ಪ್ರೋಗ್ರಾಮೊಂದು ತಾನಾಗಿ ಹಿಂದೆ ಓಡುತ್ತಲೇ ಇತ್ತು. ಇರುವ ಫೈಲುಗಳನ್ನೆಲ್ಲ ಪಟ್ಟಿ ಮಾಡುತ್ತಾ ಕೂರುವುದು ಅದರ ಕೆಲಸ. ನಿಲ್ಲಿಸಿದೆ. ಅಕ್ಕ ಕೀಲಿ ಒತ್ತಿದೊಡನೆ ಅಕ್ಷರ ಬಿತ್ತು.

"ಅಯ್ಯೋ, ನನ್ನ ಕೈಗೇ ಏನೋ ಆಗೋಯ್ತು ಅಂದ್ಕೊಂಡಿದ್ದೆ ತಂಬಿ. ದಿನಾ ಬೆರಳಿಗೆ ಎಣ್ಣೆ ತಿಕ್ತಿದ್ದೆ, ತೆರಿಯುಮಾ, ಗೊತ್ತಾ?"

"ಮ್ಯಾನೇಜರಿಗೆ ಹೇಳ್ಬೇಡಿ ಅಕ್ಕಾ. ಮೆಷಿನ್ ಮುಟ್ಟಬಾರ್ದು ಅಂದಿದಾರೆ."

ನಮ್ಮಲ್ಲಿ ಕಂಪ್ಯೂಟರ್ ಆಫ್ ಮಾಡುವ ಅಭ್ಯಾಸವೇ ಇರಲಿಲ್ಲ. ಮಾಡಿದರೆ ಮತ್ತೆ ಏಳುತ್ತದೋ ಇಲ್ಲವೋ ಎಂಬ ಭಯ. ಸಂಜೆ ಮಾನಿಟರ್ ಮಾತ್ರ ಆರಿಸುತ್ತಿದ್ದೆವು. ಹಾಗಾಗಿ ಎರಡು ವಾರ ಅಕ್ಕನ ಕೆಲಸ ಸಲೀಸಾಗಿ ನಡೆಯಿತು. ಆದರೆ ಆಯುಧಪೂಜೆಗೆ ಕತ್ತರಿ, ಗಜಕಡ್ಡಿಗಳ ಜೊತೆ ಕಂಪ್ಯೂಟರಿಗೂ ರಜೆ. ವೈರು ಕಿತ್ತು, ಒರೆಸಿ, ಪರದೆಯ ಮೇಲೂ ಕುಂಕುಮ ಇಟ್ಟೆವು.

ಮರುದಿನ ವಿಜಯದಶಮಿ. ಮೊದಲ ಕಾಗದ ಟೈಪ್ ಮಾಡಿಸಲು ಮ್ಯಾನೇಜರ್ ಅಕ್ಕನ ಹಿಂದೆಯೇ ನಿಂತರು. ಅಕ್ಕ ಒಂದು ಸಾಲು ಹೊಡೆದರು. ಪರದೆ ಖಾಲಿ.

ಆಗ ಹೊಳೆಯಿತು. ಸರ್ವಿಸನ್ನು ಆ ಹೊತ್ತಿಗೆ ಮಾತ್ರ ನಿಲ್ಲಿಸಿದ್ದೆ, ಮತ್ತೆ ಏಳದಂತೆ ತಡೆದಿರಲಿಲ್ಲ. ಕಂಪ್ಯೂಟರ್ ಎದ್ದೊಡನೆ ಅದೂ ಎದ್ದಿತ್ತು.

"ನೋಡಮ್ಮಾ, ನಾನು ಹೇಳಿದ್ದು ಸುಳ್ಳಾ?" ಅಂದರು ಮ್ಯಾನೇಜರ್. ಅಕ್ಕ ನನ್ನ ಕಡೆ ತಿರುಗಲೂ ಇಲ್ಲ. ಹೇಳಬೇಡಿ ಅಂದಿದ್ದೆನಲ್ಲ, ಕೈ ಮಡಿಲಲ್ಲಿಟ್ಟು ಸುಮ್ಮನೆ ಕೂತರು.

"ಸಾರ್, ತಪ್ಪು ನಂದು. ಅಕ್ಕನ ಕೈಯದ್ದಲ್ಲ," ಎಂದು ಎದ್ದು ನಿಂತು ಎಲ್ಲ ಹೇಳಿದೆ.

"ಓಹೋ! ಡಿಗ್ರಿ ಓದಿದ್ದು ಮೆಷಿನ್ ಕೆಡಿಸೋಕಾ?"

ಚುಚ್ಚಿತು. ಸರ್ವಿಸುಗಳ ಪಟ್ಟಿ ತೆರೆದು, ಈ ಸಲ ಅದು ಮತ್ತೆ ಏಳದಂತೆ 'ಡಿಸೇಬಲ್ಡ್' ಅಂತ ಮಾಡಿ, ಅವರೆದುರೇ ಕಂಪ್ಯೂಟರ್ ಆಫ್ ಮಾಡಿ ಮತ್ತೆ ಹಾಕಿದೆ. ಅದು ಎದ್ದೊಡನೆ ಅಕ್ಕನಿಗೆ ಕುರ್ಚಿ ಬಿಟ್ಟುಕೊಟ್ಟೆ.

ಅಕ್ಕ ಕೂತು ಕುಟ್ಟಿದರು. ಬೆರಳು ಬಿದ್ದೊಡನೆ ಅಕ್ಷರ. ಮ್ಯಾನೇಜರ್ ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಅರ್ಧ ಕಾಗದ ಮುಗಿದಿತ್ತು.

"ಇನ್ಮೇಲೆ ಕೇಳಿ ಮುಟ್ಟು," ಅಂದರು ನನಗೆ. ಅಕ್ಕನಿಗೆ, "ಇನ್ನೂ ನಾಲ್ಕು ಕಾಗದ ಇದೆಯಮ್ಮಾ, ಕಳಿಸ್ತೀನಿ."

ಅವರು ಮೆಟ್ಟಿಲು ಇಳಿದ ಮೇಲೆ ಅಕ್ಕ ಸೆರಗಿನಿಂದ ಕಣ್ಣೊತ್ತಿಕೊಂಡರು. "ನಿಂತ್ಕೊಂಡು ಏನ್ ನೋಡ್ತೀಯ ತಂಬಿ? ಆ ಕುಂಕುಮ ಒರೆಸು. ಸಾಲು ಕಾಣ್ತಾ ಇಲ್ಲ."